ಬಿರುಕು ಬಿಟ್ಟ ಬಂಡೆಯಲ್ಲಿ ನೀರು, ಶಾಖ, ಒತ್ತಡ: ಒಂಬತ್ತನೆಯ ತರಗತಿಯಲ್ಲಿ ಒಂದು ಗಣಕ ಮಾದರಿಯ ಪಾಠ

ಬೋಧನಾಭ್ಯಾಸಕ್ಕೆ ನಮ್ಮ ತಂಡದ ನಾಲ್ವರನ್ನು ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ನಾಲ್ಕು ಪ್ರೌಢಶಾಲೆಗಳಿಗೆ ಹಂಚಿದ್ದರು. ಒಂಬತ್ತನೆಯ ತರಗತಿಯ ‘ಗುರುತ್ವ’ ಘಟಕದಲ್ಲಿ ಬರುವ ನೂಕುಬಲ ಮತ್ತು ಒತ್ತಡದ ಭಾಗ ಮುಗಿದ ಮೇಲೆ, ವಿಸ್ತರಣಾ ಚಟುವಟಿಕೆಯಾಗಿ ಎರಡು ಅವಧಿಗಳ ಒಂದು ಪಾಠವನ್ನು ನಾವು ಒಟ್ಟಾಗಿ ಸಿದ್ಧಪಡಿಸಿ ನಾಲ್ಕೂ ಕಡೆ ನಡೆಸಿದೆವು. ಬಿರುಕು ಬಿಟ್ಟ ಬಂಡೆಯೊಳಗೆ ನೀರು ಹೇಗೆ ಹರಿಯುತ್ತದೆ, ಶಾಖ ಹೇಗೆ ಹರಡುತ್ತದೆ, ಮೇಲಿನ ಭಾರ ಬಿರುಕನ್ನು ಏನು ಮಾಡುತ್ತದೆ, ಈ ಮೂರನ್ನೂ ಕಂಪ್ಯೂಟರ್ ಹೇಗೆ ಒಟ್ಟಿಗೆ ಲೆಕ್ಕ ಹಾಕುತ್ತದೆ ಎಂಬುದು ವಿಷಯ.

ಪಾಠ ಯೋಜನೆ ನೋಡಿದ ಮಾರ್ಗದರ್ಶಕ ಉಪನ್ಯಾಸಕರ ಮೊದಲ ಪ್ರಶ್ನೆ, ‘ಇದು ಸಂಶೋಧನಾ ಸಂಸ್ಥೆಗಳ ವಿಷಯ, ಪ್ರೌಢಶಾಲೆಯ ಮಕ್ಕಳಿಗೆ ಯಾಕೆ?’ ಎಂಬುದಾಗಿತ್ತು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಉತ್ತರ ಒಂದೇ ಪದದ್ದು: ಬೋರು. ಈ ನಾಲ್ಕು ತಾಲ್ಲೂಕುಗಳಲ್ಲಿ ಬೋರು ಹೊಡೆಸಿದ ಮನೆಯಿಂದ ಬಾರದ ಮಗು ತರಗತಿಯಲ್ಲಿ ಸಿಗುವುದು ಕಷ್ಟ. ಅದಕ್ಕಾಗಿ ಮಾಡಿದ ಸಾಲದ ಮಾತು ಕೇಳದೆ ಬೆಳೆದ ಮಗುವೂ ಕಡಿಮೆ.

ನಮ್ಮ ಕಾಲ ಕೆಳಗಿನ ಬಂಡೆ

ಪೀಠಿಕೆಗೆ ಚಿತ್ರಪಟ ಬೇಕಾಗಲಿಲ್ಲ. ‘ನಿಮ್ಮ ಹೊಲದ ಬೋರಿನಲ್ಲಿ ಎಷ್ಟು ಅಡಿಗೆ ನೀರು ಬಿತ್ತು?’ ಎಂದು ಕೇಳಿದರೆ ಸಾಕು. ಶಿಗ್ಗಾಂವಿ ಕಡೆಯ ಶಾಲೆಯಲ್ಲಿ ಒಬ್ಬ ಹುಡುಗ ಎದ್ದು ನಿಂತು, ‘ನಮ್ಮ ಹೊಲದಾಗ ಏಳ್ನೂರು ಫೂಟ್ ಹೊಡಸೇವ್ರಿ, ಬರೇ ಧೂಳ ಬಂತ್ರಿ. ಬಾಜೂ ಹೊಲದಾಗ ಮುನ್ನೂರಕ್ಕ ಎರಡ ಇಂಚ ನೀರ ಬಿದ್ದೈತ್ರಿ’ ಎಂದ. ಪಾಠದ ಸಮಸ್ಯೆಯನ್ನು ಅವನೇ ಮಂಡಿಸಿದಂತಾಯಿತು. ಪಕ್ಕಪಕ್ಕದ ಹೊಲ, ಒಂದೇ ಮಳೆ, ಒಂದೇ ಮಣ್ಣು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಧೂಳು. ಯಾಕೆ?

ಮಕ್ಕಳ ಮನಸ್ಸಿನಲ್ಲಿ ನೆಲದಡಿಯ ನೀರೆಂದರೆ ಕೆರೆ ಅಥವಾ ಹೊಳೆ. ಹಾನಗಲ್ಲದ ಮಕ್ಕಳು ಆನೆಕೆರೆಯಂಥ ಕೆರೆಯೊಂದನ್ನೇ ನೆಲದೊಳಗೆ ಇಟ್ಟು ಚಿತ್ರ ಬರೆದರು. ಹಿರೇಕೆರೂರಿನವರು ಮದಗದ ಕೆರೆಯಿಂದ ಒಳಗೊಳಗೇ ನೀರು ಬರುತ್ತದೆ ಎಂದರು. ಎಲೆಬಳ್ಳಿ ತೋಟಗಳ ಸವಣೂರಿನಲ್ಲಿ ‘ಪಾತಾಳಗಂಗೆ’ ಎಂಬ ಪದವೇ ಬಂತು. ಇಂಥ ಚಿತ್ರವನ್ನು ಅಳಿಸದೆ ಕಪ್ಪುಹಲಗೆಯ ಒಂದು ಮೂಲೆಯಲ್ಲಿ ಹಾಗೆಯೇ ಉಳಿಸಿಕೊಳ್ಳುವುದು ಒಳ್ಳೆಯದು. ಎರಡನೆಯ ಅವಧಿಯಲ್ಲಿ ಅದು ಕೆಲಸಕ್ಕೆ ಬರುತ್ತದೆ.

ನಮ್ಮ ಜಿಲ್ಲೆಯ ಹೆಚ್ಚಿನ ಭಾಗದ ಅಡಿಯಲ್ಲಿರುವುದು ಧಾರವಾಡ ಶಿಲಾಸಮೂಹಕ್ಕೆ ಸೇರಿದ ಶಿಸ್ಟ್, ಗ್ರೇವ್ಯಾಕ್ ಮೊದಲಾದ ಶಿಲೆಗಳು, ಅಲ್ಲಲ್ಲಿ ನೈಸ್. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯವು. ಮರಳುಗಲ್ಲಿನಲ್ಲಿ ಕಣಗಳ ನಡುವೆ ಇರುವಂಥ ರಂಧ್ರಗಳು ಇವುಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನೀರು ಎರಡೇ ಕಡೆ ನಿಲ್ಲಬಲ್ಲದು: ಮೇಲಿನ ಗರಸಿನ ಪದರದಲ್ಲಿ ಮತ್ತು ಅದರ ಕೆಳಗಿನ ಗಟ್ಟಿ ಬಂಡೆಯ ಬಿರುಕುಗಳಲ್ಲಿ. ತೆರೆದ ಬಾವಿಯ ಕಾಲದಲ್ಲಿ ಊರು ಬದುಕಿದ್ದು ಗರಸಿನ ನೀರಿನಿಂದ. ಬೋರು ಹುಡುಕುವುದು ಬಿರುಕನ್ನು. ಊರವರು ‘ಸೆಲೆ’ ಎನ್ನುವುದು ಇದನ್ನೇ. ಏಳ್ನೂರು ಅಡಿಯ ಕೊಳವೆ ಒಂದೂ ಒಳ್ಳೆಯ ಬಿರುಕನ್ನು ಮುಟ್ಟದೆ ಇಳಿದಿದ್ದರೆ ಧೂಳಲ್ಲದೆ ಇನ್ನೇನು ಬರಬೇಕು?

ಗಾಜಿನ ಎರಡು ಹಲಗೆ

ಬಿರುಕಿದ್ದರೆ ನೀರಿದೆ ಎಂದು ಇಲ್ಲಿಗೇ ನಿಲ್ಲಿಸಿದರೆ ಪಾಠ ಅರ್ಧ. ಬಿರುಕು ಎಷ್ಟು ಅಗಲ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನುಣುಪಾದ ಎರಡು ಸಮಾಂತರ ಗೋಡೆಗಳ ನಡುವೆ ಹರಿಯುವ ನೀರಿನ ಪ್ರಮಾಣ ಆ ಗೋಡೆಗಳ ನಡುವಿನ ಅಂತರದ ಘನಕ್ಕೆ ಅನುಪಾತದಲ್ಲಿರುತ್ತದೆ. ಅಂತರ ಎರಡು ಪಟ್ಟಾದರೆ ಹರಿವು ಎಂಟು ಪಟ್ಟು. ಹತ್ತು ಪಟ್ಟಾದರೆ ಸಾವಿರ ಪಟ್ಟು. ಇದನ್ನು ಘನ ನಿಯಮ ಎನ್ನುತ್ತಾರೆ. ನಿಜವಾದ ಬಂಡೆಯ ಬಿರುಕುಗಳನ್ನು ಒತ್ತಿ ಮುಚ್ಚುತ್ತಾ ಹೋದಾಗಲೂ ಈ ನಿಯಮ ನಡೆಯುತ್ತದೆಯೇ ಎಂಬುದನ್ನು ವಿದರ್‌ಸ್ಪೂನ್ ಮತ್ತು ಸಂಗಡಿಗರು ಪ್ರಯೋಗದಿಂದ ಪರೀಕ್ಷಿಸಿ 1980ರಲ್ಲಿ ಪ್ರಕಟಿಸಿದರು. ಇಂದಿನ ಬಂಡೆಯ ಗಣಕ ಮಾದರಿಗಳಲ್ಲಿ ಬಹಳಷ್ಟು ಈ ನಿಯಮದ ಮೇಲೆಯೇ ನಿಂತಿವೆ.

ತರಗತಿಗೆ ನಾವು ಮಾಡಿದ ಕಲಿಕೋಪಕರಣ ಅಗ್ಗದ್ದು. ಫೋಟೋ ಫ್ರೇಮ್ ಅಂಗಡಿಯಿಂದ ಹತ್ತು ಸೆಂಟಿಮೀಟರ್ ಅಗಲ, ಇಪ್ಪತ್ತು ಸೆಂಟಿಮೀಟರ್ ಎತ್ತರದ ನಾಲ್ಕು ಗಾಜಿನ ತುಂಡು ಕತ್ತರಿಸಿಕೊಂಡೆವು. ಒಂದು ಜೋಡಿಯ ಎರಡು ಬದಿಯ ಅಂಚುಗಳಲ್ಲಿ ಸುಮಾರು 0.1 ಮಿಲಿಮೀಟರ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಒಂದೊಂದು ಪಟ್ಟಿ, ಇನ್ನೊಂದು ಜೋಡಿಯಲ್ಲಿ ಎರಡೆರಡು ಪಟ್ಟಿ. ಬದಿಗಳಿಗೆ ಎಂ-ಸೀಲ್, ಬಿಗಿಯಲು ಕಾಗದದ ಕ್ಲಿಪ್ಪು, ಮೇಲಂಚಿನಲ್ಲಿ ನೀರು ನಿಲ್ಲಲು ಎಂ-ಸೀಲಿನದೇ ಪುಟ್ಟ ದೋಣಿ. ಪಟ್ಟಿಗೆ ಕಾಗದ ಬಳಸಬಾರದು, ನೆನೆದು ಉಬ್ಬುತ್ತದೆ. ಕೆಳ ಅಂಚು ತಟ್ಟೆಯ ನೀರಿನಲ್ಲಿ ಮುಳುಗಿರಲೇಬೇಕು. ಇಷ್ಟು ಕಿರಿದಾದ ಸೀಳಿನಲ್ಲಿ ಮೇಲ್ಮೈ ಎಳೆತವೂ ನೀರನ್ನು ಹಿಡಿದುಕೊಳ್ಳುತ್ತದೆ.

ಸಿರಿಂಜಿನಿಂದ ಇಪ್ಪತ್ತು ಮಿಲಿಲೀಟರ್ ನೀರನ್ನು ದೋಣಿಗೆ ಹಾಕುತ್ತಾ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ನೋಡಬೇಕು. ಲೆಕ್ಕದ ಪ್ರಕಾರ ಒಂದು ಪಟ್ಟಿಯ ಗಾಜಿಗೆ ನಾಲ್ಕು ನಿಮಿಷ, ಎರಡು ಪಟ್ಟಿಯದಕ್ಕೆ ಅರ್ಧ ನಿಮಿಷ. ನಮ್ಮ ನಾಲ್ಕು ತರಗತಿಗಳಲ್ಲಿ ಹೋಲಿಕೆ ಆರು, ಏಳು ಪಟ್ಟಿನ ನಡುವೆ ಬಂತು. ಎಂಟು ಬರಲಿಲ್ಲ ಎಂಬುದೇ ಚರ್ಚೆಗೆ ಒಳ್ಳೆಯದಾಯಿತು: ಗಾಜು ಬಾಗುತ್ತದೆ, ಕ್ಲಿಪ್ಪು ಒಂದೇ ಸಮ ಬಿಗಿಯುವುದಿಲ್ಲ, ಬಂಡೆಯ ಬಿರುಕಂತೂ ಗಾಜಿನಷ್ಟು ನುಣುಪಲ್ಲ. ಕಾಯುವ ಆ ನಾಲ್ಕು ನಿಮಿಷ ತರಗತಿ ಗದ್ದಲವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ; ಮಕ್ಕಳು ಗಡಿಯಾರದ ಮೇಲೆ ಕಣ್ಣಿಟ್ಟು ಕುಳಿತಿದ್ದರು.

ಆಮೇಲೆ ಕೇಳಬೇಕಾದ ಪ್ರಶ್ನೆ ಇದು. ಒಂದು ಬೋರಿಗೆ 1 ಮಿಲಿಮೀಟರಿನ ಒಂದೇ ಬಿರುಕು ಸಿಕ್ಕಿದೆ. ಇನ್ನೊಂದಕ್ಕೆ 0.1 ಮಿಲಿಮೀಟರಿನ, ಅಂದರೆ ತಲೆಗೂದಲು ತೂರುವಷ್ಟರ, ಹತ್ತು ಬಿರುಕು ಸಿಕ್ಕಿವೆ. ಒಟ್ಟು ಅಗಲ ಎರಡರಲ್ಲೂ ಒಂದೇ. ನೀರು? ತರಗತಿಯ ಮುಕ್ಕಾಲು ಪಾಲು ‘ಸಮ’ ಎಂದಿತು. ಘನ ತೆಗೆದು ನೋಡಿದಾಗ ಮೊದಲನೆಯದಕ್ಕೆ 1000 ಭಾಗ, ಎರಡನೆಯದಕ್ಕೆ 10 ಭಾಗ. ನೂರು ಪಟ್ಟಿನ ವ್ಯತ್ಯಾಸ. ಲೀಟರಿನಲ್ಲೇ ಹೇಳಬೇಕೆಂದರೆ, ಒಂದು ಮೀಟರ್ ದೂರಕ್ಕೆ ಒಂದು ಮೀಟರ್ ನೀರಿನ ಮಟ್ಟ ಇಳಿಯುತ್ತಿದ್ದರೆ, ಮೀಟರ್ ಉದ್ದದ 0.1 ಮಿಲಿಮೀಟರ್ ಸೀಳಿನಲ್ಲಿ ತಾಸಿಗೆ ಸುಮಾರು 3 ಲೀಟರ್ ಹರಿಯುತ್ತದೆ. 1 ಮಿಲಿಮೀಟರಿನದರಲ್ಲಿ ಸುಮಾರು 3000 ಲೀಟರ್. ಬೋರು ಹೊಡೆಯುವವರು ಎಷ್ಟು ಬಿರುಕು ದಾಟಿದೆವು ಎಂದು ಎಣಿಸುವುದಿಲ್ಲ, ಒಂದು ‘ಒಳ್ಳೆ ಗ್ಯಾಪ್’ಗಾಗಿ ಕಾಯುತ್ತಾರೆ. ಅವರ ಅನುಭವ ಘನ ನಿಯಮವನ್ನು ಹೆಸರಿಲ್ಲದೆ ತಿಳಿದಿದೆ ಎಂದೇ ನನಗೆ ಅನಿಸುತ್ತದೆ.

ಮೇಲಿನ ಭಾರ

ಈಗ ಪಠ್ಯದ ಒತ್ತಡ. ಒಂದು ಚದರ ಸೆಂಟಿಮೀಟರ್, ಅಂದರೆ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ 300 ಮೀಟರ್ ಎತ್ತರದ ಬಂಡೆಯ ಕಂಬ ನಿಂತಿದೆ ಎನ್ನೋಣ. ಘನಫಲ 30,000 ಘನ ಸೆಂಟಿಮೀಟರ್. ಬಂಡೆಯ ಸಾಂದ್ರತೆ 2.7 ಎಂದರೆ 81 ಕೆಜಿ. ಒಂದೂವರೆ ಸಿಮೆಂಟ್ ಚೀಲಕ್ಕಿಂತ ಹೆಚ್ಚು, ಒಂದು ಉಗುರಿನ ಮೇಲೆ! 300 ಮೀಟರ್ ಎಂದರೆ ಮಕ್ಕಳ ಭಾಷೆಯಲ್ಲಿ ಸಾವಿರ ಅಡಿಯ ಬೋರು.

ಈ ಭಾರ ಬಿರುಕನ್ನು ಒತ್ತುತ್ತದೆ. ಬಿರುಕು ಅರ್ಧ ಮುಚ್ಚಿದರೆ ನೀರು ಎಂಟರಲ್ಲಿ ಒಂದು ಪಾಲಾಗುತ್ತದೆ. ಆಳಕ್ಕೆ ಹೋದಂತೆ ನೀರು ಸಿಗುವ ಬಿರುಕು ಕಡಿಮೆಯಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಇಲ್ಲಿ ಒಂದು ಎಚ್ಚರಿಕೆ ಬೇಕು. ಮೇಲಿನ ಭಾರ ಹೆಚ್ಚು ಒತ್ತುವುದು ಅಡ್ಡಲಾಗಿ ಮಲಗಿದ ಬಿರುಕನ್ನು. ನೆಟ್ಟಗೆ ನಿಂತ ಬಿರುಕನ್ನು ಮುಚ್ಚುವುದು ಪಕ್ಕದಿಂದ ಬರುವ ಒತ್ತಡ. ಹಾಗಾಗಿ ಆಳದಲ್ಲೂ ತೆರೆದುಕೊಂಡ ಬಿರುಕುಗಳು ಇರುತ್ತವೆ. ಇಲ್ಲವೇ ಇಲ್ಲ ಎಂದು ಮಕ್ಕಳಿಗೆ ಹೇಳಬಾರದು.

ಪದದ ವಿಷಯ ಒಂದು ಮಾತು. ಪಿಯು ಪುಸ್ತಕಗಳಲ್ಲಿ ಘನವಸ್ತುವಿನೊಳಗಿನ ಒತ್ತಡಕ್ಕೆ ‘ಪೀಡನ’ ಎನ್ನುತ್ತಾರೆ. ಒಂಬತ್ತನೆಯ ತರಗತಿಯಲ್ಲಿ ಆ ಪದ ಹೇಳಿದರೆ ಮಕ್ಕಳ ಮನಸ್ಸು ಪೀಡೆಯ ಕಡೆ ಹೋಗುತ್ತದೆ. ‘ಬಂಡೆಯೊಳಗಿನ ಒತ್ತಡ’ ಎಂದರೆ ಸಾಕು. ‘ಮಾದರಿ’ ಎಂಬ ಪದವೂ ಹೀಗೆಯೇ. ‘ನಾಳೆ ಮಾದರಿ ಮಾಡೋಣ’ ಎಂದ ಮರುದಿನ ಸವಣೂರಿನ ಶಾಲೆಯಲ್ಲಿ ಮೂವರು ಥರ್ಮೋಕೋಲ್ ತಂದಿದ್ದರು! ಗಣಕ ಮಾದರಿ ಎಂದರೆ ನೋಡುವ ವಸ್ತುವಲ್ಲ, ಲೆಕ್ಕದ ನಿಯಮಗಳ ಕಟ್ಟು ಎಂಬುದನ್ನು ಹೇಳಿ ತಿಳಿಸಲಾಗದು. ಮಾಡಿಸಿಯೇ ತಿಳಿಸಬೇಕು.

ಮಕ್ಕಳೇ ಕಂಪ್ಯೂಟರ್

ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲಿ ಪ್ರಕಟಿಸಿದ ಹವಾಮಾನ ಲೆಕ್ಕಾಚಾರದ ಪುಸ್ತಕದಲ್ಲಿ ಒಂದು ಕಲ್ಪನೆ ಇದೆ. ದೊಡ್ಡದೊಂದು ಸಭಾಂಗಣ, ಅದರಲ್ಲಿ 64,000 ಮಂದಿ ಲೆಕ್ಕಿಗರು, ಒಬ್ಬೊಬ್ಬರೂ ಭೂಮಿಯ ಒಂದೊಂದು ತುಂಡಿನ ಲೆಕ್ಕ ಮಾಡುತ್ತಾ ಪಕ್ಕದವರಿಗೆ ಉತ್ತರ ದಾಟಿಸುತ್ತಾರೆ. ಕಂಪ್ಯೂಟರ್ ಎಂಬ ಯಂತ್ರ ಬರುವ ಮೊದಲಿನ ಮಾತು ಇದು. ನಮ್ಮ ತರಗತಿಯಲ್ಲಿ ಅಷ್ಟು ಮಂದಿ ಬೇಕಿಲ್ಲ, ಇಪ್ಪತ್ತೈದು ಸಾಕು.

ಮೊದಲು ಶಾಖ, ಐದೇ ಮಕ್ಕಳಿಂದ. ಅವರನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ಸ್ಲೇಟು ಕೊಡಬೇಕು. ಎಡತುದಿಯವರ ಸ್ಲೇಟಿನಲ್ಲಿ ಸದಾ 70, ಬಲತುದಿಯವರಲ್ಲಿ ಸದಾ 30. ನಡುವಿನ ಮೂವರೂ 30ರಿಂದ ಶುರು. ನಿಯಮ ಒಂದೇ: ಚಪ್ಪಾಳೆ ಹೊಡೆದಾಗ ನಡುವಿನ ಮೂವರು ತಮ್ಮ ಎಡ, ಬಲದವರ ಸಂಖ್ಯೆಗಳ ಸರಾಸರಿಯನ್ನು ಬರೆದುಕೊಳ್ಳಬೇಕು. ಮೊದಲ ಚಪ್ಪಾಳೆಗೆ 50, 30, 30. ಎರಡನೆಯದಕ್ಕೆ 50, 40, 30. ಮೂರಕ್ಕೆ 55, 40, 35. ನಾಲ್ಕಕ್ಕೆ 55, 45, 35. ಆರನೆಯದಕ್ಕೆ 57.5, 47.5, 37.5. ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಊಹಿಸಲು ಹೇಳಿ. ಹಾನಗಲ್ಲದ ಒಬ್ಬ ಹುಡುಗಿ ಐದನೇ ಚಪ್ಪಾಳೆಗೇ ‘60, 50, 40 ರಿ’ ಎಂದಳು. ಕಾಯಿಸಿದ ಕಬ್ಬಿಣದ ಸರಳಿನಲ್ಲಿ ಕೊನೆಗೆ ಉಷ್ಣತೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ನಿಲ್ಲುವುದು ಹೀಗೆಯೇ. ಶಾಖದ ಹರಿವು ಉಷ್ಣತೆಯ ಇಳಿಜಾರಿಗೆ ಅನುಪಾತದಲ್ಲಿರುತ್ತದೆ ಎಂದು ಫೂರಿಯೇ 1822ರಲ್ಲಿ, ಮರಳಿನ ಮೂಲಕ ನೀರಿನ ಹರಿವು ನೀರಿನ ಮಟ್ಟದ ಇಳಿಜಾರಿಗೆ ಅನುಪಾತದಲ್ಲಿರುತ್ತದೆ ಎಂದು ಡಾರ್ಸಿ 1856ರಲ್ಲಿ ಬರೆದರು. ಎರಡಕ್ಕೂ ಗಣಿತ ಒಂದೇ. ಆದ್ದರಿಂದ ಅದೇ ಆಟ ನೀರಿಗೂ ನಡೆಯುತ್ತದೆ.

ನೀರಿಗೆ ಐದು ಸಾಲು, ಸಾಲಿಗೆ ಐವರು. ಈಗ ಒಬ್ಬೊಬ್ಬರಿಗೂ ಎಡ, ಬಲ, ಹಿಂದೆ, ಮುಂದೆ ಎಂದು ನಾಲ್ವರು ನೆರೆಯವರು. ಎಲ್ಲರೂ ಬಂಡೆಯಾದರೆ ನಾಲ್ವರ ಸರಾಸರಿ. ಮಧ್ಯದ ಸಾಲನ್ನು ಬಿರುಕು ಎಂದು ಘೋಷಿಸಿ, ಅವರಿಗೆ ಕೆಂಪು ರಿಬ್ಬನ್ ಕೊಡಿ. ರಿಬ್ಬನ್ನಿನವರು ರಿಬ್ಬನ್ನಿನ ನೆರೆಯವರ ಸಂಖ್ಯೆಯನ್ನು ಎಂಟು ಸಲ ಎಣಿಸಬೇಕು, ಬರಿಯ ಬಂಡೆಯ ನೆರೆಯವರದನ್ನು ಒಂದೇ ಸಲ. ಉದಾಹರಣೆಗೆ ಒಬ್ಬಳ ಬಿರುಕಿನ ನೆರೆಯವರು 10 ಮತ್ತು 6, ಬಂಡೆಯ ನೆರೆಯವರು 4 ಮತ್ತು 2. ಬರಿ ಸರಾಸರಿಯಾದರೆ 5.5. ಬಿರುಕಿನ ಲೆಕ್ಕದಲ್ಲಿ 80, 48, 4, 2 ಸೇರಿ 134. ಅದನ್ನು 18ರಿಂದ ಭಾಗಿಸಿದರೆ ಸುಮಾರು 7.4. ಅವಳ ಸಂಖ್ಯೆಯನ್ನು ಬಿರುಕಿನ ಗೆಳತಿಯರೇ ತೀರ್ಮಾನಿಸುತ್ತಾರೆ, ಬಂಡೆಯವರ ಮಾತು ನಡೆಯುವುದಿಲ್ಲ. ತುದಿಯಲ್ಲಿ ಒಬ್ಬರನ್ನು ‘ಬೋರು’ ಮಾಡಿ ಸಂಖ್ಯೆಯನ್ನು ಸೊನ್ನೆಗೆ ಇಳಿಸಿದರೆ, ಸೊನ್ನೆಯ ಪ್ರಭಾವ ರಿಬ್ಬನ್ನಿನ ಸಾಲಿನಲ್ಲಿ ಬೇಗ ಓಡುತ್ತದೆ, ಪಕ್ಕದ ಸಾಲುಗಳಿಗೆ ನಿಧಾನವಾಗಿ ತಲುಪುತ್ತದೆ. ‘ನಮ್ಮ ಬೋರ್ ಚಾಲೂ ಮಾಡಿದ್ರ ಆ ಕಡೀ ಹೊಲದವ್ರ ಬೋರಿನ ನೀರ ಇಳೀತೈತಿ, ಬಾಜೂದವ್ರಿಗೆ ಏನೂ ಆಗಂಗಿಲ್ಲ’ ಎಂದು ಹಿರೇಕೆರೂರಿನ ಹುಡುಗನೊಬ್ಬ ಹೇಳಿದ್ದು ಈ ಹಂತದಲ್ಲಿ. ಊರಿನ ಜಗಳವೊಂದಕ್ಕೆ ಅವನಿಗೆ ಕಾರಣ ಸಿಕ್ಕಂತಿತ್ತು.

ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಇದನ್ನೇ ಸ್ಪ್ರೆಡ್‌ಶೀಟಿನಲ್ಲಿ ಮಾಡಬಹುದು. ಒಂದು ಮನೆಯಲ್ಲಿ ಮೇಲಿನ, ಕೆಳಗಿನ, ಎಡದ, ಬಲದ ಮನೆಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸುವ ಸೂತ್ರ ಬರೆದು ಎಲ್ಲ ಮನೆಗಳಿಗೂ ನಕಲು ಮಾಡಬೇಕು. ಸೂತ್ರ ಸುತ್ತಿ ತನ್ನನ್ನೇ ಹಿಡಿಯುವುದರಿಂದ ತಂತ್ರಾಂಶ ದೋಷ ತೋರಿಸುತ್ತದೆ. ಸೆಟ್ಟಿಂಗ್ಸಿನಲ್ಲಿ ‘ಇಟರೇಶನ್’ ಎಂಬುದನ್ನು ಮೊದಲೇ ಆನ್ ಮಾಡಿಟ್ಟುಕೊಳ್ಳಿ. ಆದರೆ ಸ್ಲೇಟಿನ ಆಟ ಆಡಿಸದೆ ನೇರವಾಗಿ ಪರದೆಗೆ ಹೋಗಬೇಡಿ. ಪರದೆಯ ಬಣ್ಣದ ಚಿತ್ರ ಮಕ್ಕಳಿಗೆ ಟಿವಿಯಂತೆ ಕಾಣುತ್ತದೆ, ಅದರೊಳಗೆ ಸರಾಸರಿ ಇದೆ ಎಂಬುದು ಕಾಣುವುದಿಲ್ಲ.

ಕೋಲಾರದ ಆಳದಲ್ಲಿ

ಶಾಖದ ಮಾತಿಗೆ ಮಕ್ಕಳೇ ಒಂದು ದಾರಿ ಮಾಡಿಕೊಡುತ್ತಾರೆ. ಚಳಿಗಾಲದ ಬೆಳಿಗ್ಗೆ ಬೋರಿನ ನೀರು ಬೆಚ್ಚಗಿರುತ್ತದೆ, ಆದ್ದರಿಂದ ಭೂಮಿಯ ಒಳಗೆ ಬಿಸಿ ಇದೆ ಎನ್ನುತ್ತಾರೆ. ತೀರ್ಮಾನ ಸರಿ, ಕೊಟ್ಟ ಕಾರಣ ಅಲ್ಲ. ಕೆಲವು ಮೀಟರ್ ಆಳದಲ್ಲೇ ನೆಲ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರುತ್ತದೆ, ಊರಿನ ವರ್ಷದ ಸರಾಸರಿಗೆ ಹತ್ತಿರ. ಬೆಳಗಿನ ಗಾಳಿ ತಣ್ಣಗಿರುವುದರಿಂದ ನೀರು ಬೆಚ್ಚಗೆ ಅನಿಸುತ್ತದೆ. ಅದೇ ನೀರು ಏಪ್ರಿಲ್ ಮಧ್ಯಾಹ್ನ ತಂಪು. ಭೂಮಿಯ ಒಳಗಿನ ಬಿಸಿಯನ್ನು ನೋಡಬೇಕೆಂದರೆ ಇನ್ನೂ ಆಳಕ್ಕೆ ಹೋಗಬೇಕು, ನಮ್ಮ ರಾಜ್ಯದಲ್ಲಿ ಅದಕ್ಕೆ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಜಾಗವಿಲ್ಲ.

2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಖಂಡಗಳಲ್ಲಿ ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಧಾರವಾಡ ಶಿಲಾಖಂಡ ಹಳೆಯದು, ತಣ್ಣಗಿನದು. ಕೋಲಾರದಲ್ಲಿ ಏರಿಕೆ ಕಿಲೋಮೀಟರಿಗೆ ಸುಮಾರು 12 ಡಿಗ್ರಿ ಮಾತ್ರ. ಮಕ್ಕಳಿಂದ ಲೆಕ್ಕ ಮಾಡಿಸಿ: 3.2 ಗುಣಿಸು 12, ಸುಮಾರು 38. ಮೇಲಿನ 27 ಕೂಡಿಸಿದರೆ 65. ಆಳದ ಬಂಡೆ ನಿಜಕ್ಕೂ 60 ಡಿಗ್ರಿ ಮೀರಿ ಬಿಸಿಯಿರುತ್ತಿತ್ತು. ತಂಪುಗಾಳಿ ಕಳಿಸದೆ ಅಲ್ಲಿ ಕೆಲಸ ಮಾಡುವಂತಿರಲಿಲ್ಲ. ಒತ್ತಡದ ಲೆಕ್ಕವೂ ಹಾಗೆ: ಉಗುರಿನ ಮೇಲೆ 864 ಕೆಜಿ. ಸುರಂಗ ತೋಡಿದಾಗ ಆ ಭಾರವೆಲ್ಲ ಪಕ್ಕದ ಬಂಡೆಗೆ ಸರಿಯುತ್ತದೆ. ತಡೆಯದೆ ಬಂಡೆ ಸಿಡಿಯುತ್ತದೆ. ಕೋಲಾರದ ಗಣಿ ಈ ಬಂಡೆ ಸಿಡಿತಕ್ಕೆ ಕುಖ್ಯಾತವಾಗಿತ್ತು, ಕಾರ್ಮಿಕರು ಸತ್ತಿದ್ದಾರೆ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಅಲ್ಲಿಯೇ ಹುಟ್ಟಿಕೊಂಡದ್ದು ಸುಮ್ಮನೆ ಅಲ್ಲ.

ನಮ್ಮ ಪಾಠಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಅಲ್ಲಿ 1980ರ ದಶಕದಲ್ಲಿ ನಡೆದ ಒಂದು ಪ್ರಯೋಗ. ಅಣುತ್ಯಾಜ್ಯವನ್ನು ಆಳದ ಬಂಡೆಯಲ್ಲಿ ಹುಗಿದರೆ ಅದರ ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತದೆ ಎಂದು ತಿಳಿಯಲು ಭಾಭಾ ಅಣು ಸಂಶೋಧನಾ ಕೇಂದ್ರದವರು ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಆಂಫಿಬೊಲೈಟ್ ಬಂಡೆಯೊಳಗೆ ಹೀಟರ್ ಇಟ್ಟು ವರ್ಷಗಟ್ಟಲೆ ಅಳತೆ ಮಾಡಿದರು. ಅಣುತ್ಯಾಜ್ಯ ಅಲ್ಲಿ ಇಡಲಿಲ್ಲ, ಬರಿ ಶಾಖ. ಆ ಅಳತೆಗಳು ಗಣಿತ ಮಾದರಿಗಳನ್ನು ಕಟ್ಟಲು, ತಾಳೆ ನೋಡಲು ಬಳಕೆಯಾದವು. ಮಾದರಿ ಹೇಳಿದ್ದನ್ನು ಬಂಡೆ ಒಪ್ಪುತ್ತದೆಯೇ ಎಂದು ಬಂಡೆಯನ್ನೇ ಕೇಳುವುದು ಎಂದರೆ ಇದು. ಇದೇ ಬಗೆಯ ತಾಳೆ ನೋಡುವ ಕೆಲಸಕ್ಕೆ ಹಲವು ದೇಶಗಳು ಸೇರಿ 1992ರಿಂದ ಡೆಕೋವಲೆಕ್ಸ್ ಎಂಬ ಯೋಜನೆಯನ್ನು ನಡೆಸುತ್ತಿವೆ.

ಶಾಖ, ನೀರು, ಒತ್ತಡವನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿದರೆ ಯಾಕೆ ಸಾಲದು? ಕಪ್ಪುಹಲಗೆಯ ಮೇಲೆ ತ್ರಿಕೋನ ಬರೆದು ಒಂದೊಂದೇ ಬಾಣ ಹಾಕಿಸಬೇಕು. ಶಾಖ ಹೆಚ್ಚಿದರೆ ನೀರು ತೆಳುವಾಗುತ್ತದೆ: 25 ಡಿಗ್ರಿಯಿಂದ 60 ಡಿಗ್ರಿಗೆ ಅದರ ಸ್ನಿಗ್ಧತೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಅದೇ ಬಿರುಕಿನಲ್ಲಿ ಹರಿವು ಸುಮಾರು ಎರಡು ಪಟ್ಟು. ಹರಿಯುವ ನೀರು ಶಾಖವನ್ನು ಹೊತ್ತು ತರುತ್ತದೆ; ಪುತ್ತೂರು ಬಳಿಯ ಬೆಂದ್ರ್ ತೀರ್ಥದಲ್ಲಿ ಬಿಸಿನೀರು ಉಕ್ಕುವುದು ಹಾಗೆ. ನೀರಿನ ಒತ್ತಡ ಬಿರುಕನ್ನು ಒಳಗಿನಿಂದ ಎತ್ತಿಹಿಡಿಯುತ್ತದೆ. ಅಣೆಕಟ್ಟು ತುಂಬಿದ ಮೇಲೆ 1967ರ ಡಿಸೆಂಬರಿನಲ್ಲಿ ಕೊಯ್ನಾದಲ್ಲಾದ ಭೂಕಂಪವನ್ನು ವಿಜ್ಞಾನಿಗಳು ಇದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಇನ್ನು ಬಿಸಿಯಾದ ಬಂಡೆ ಹಿಗ್ಗುತ್ತದೆ. ಒಂದು ಮೀಟರ್ ಗ್ರಾನೈಟನ್ನು 50 ಡಿಗ್ರಿ ಕಾಯಿಸಿದರೆ ಸುಮಾರು 0.4 ಮಿಲಿಮೀಟರ್. ಚಿಕ್ಕದು ಎನ್ನುವಿರಾ? 0.1 ಮಿಲಿಮೀಟರಿನ ಬಿರುಕನ್ನು ಪೂರ್ತಿ ಮುಚ್ಚಿ ಇನ್ನೂ ಉಳಿಯುವಷ್ಟು. ಬಂಡೆಯ ಮೇಲೆ ಸೌದೆ ಉರಿಸಿ ಕಲ್ಲು ಎಬ್ಬಿಸುವ ಕಲ್ಲೊಡೆಯುವವರನ್ನು ನೋಡಿದ ಮಕ್ಕಳಿಗೆ ಈ ಬಾಣವನ್ನು ವಿವರಿಸಬೇಕಾಗಲಿಲ್ಲ.

ದಾಳ ಹಾಕಿ ಬೋರು

ನಾಲ್ಕು ಶಾಲೆಗಳಲ್ಲಿ ಮೂರರಲ್ಲಿ ಒಂದೇ ಪ್ರಶ್ನೆ ಬಂತು. ಶಿಗ್ಗಾಂವಿಯಲ್ಲಿ ಕೇಳಿದವನು ಮೊದಲ ದಿನ ಏಳ್ನೂರು ಅಡಿಯ ಧೂಳಿನ ಮಾತು ಹೇಳಿದ್ದ ಹುಡುಗನೇ: ‘ಇನ್ನೂ ಮುನ್ನೂರು ಫೂಟ್ ಹೊಡಸಿದ್ರ ನೀರ ಬೀಳತೈತೇನ್ರಿ?’ ಅವನ ಮನೆಯಲ್ಲಿ ಆ ವಾರ ಅದೇ ಮಾತು ನಡೆದಿತ್ತು. ಪ್ರಶಿಕ್ಷಣಾರ್ಥಿ ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಒಂದು ಮನೆಯ ಸಾಲ ಆ ಉತ್ತರದ ಮೇಲೆ ಏರಬಹುದು. ‘ಗೊತ್ತಿಲ್ಲ’ ಎಂದು ಕೈಬಿಟ್ಟರೆ ವಿಜ್ಞಾನದ ಪಾಠ ಯಾಕೆ ಬೇಕಿತ್ತು?

ಉತ್ತರಕ್ಕೆ ನಾವು ದಾಳದ ಆಟ ಮಾಡಿಸಿದೆವು. ಒಬ್ಬೊಬ್ಬರಿಗೂ ಒಂದು ಗ್ರಾಫ್ ಹಾಳೆ. ಹಾಳೆಯ ಮೇಲಂಚು ನೆಲ, ಕೆಳಗೆ ಹೋದಂತೆ ಆಳ. ಕಣ್ಣು ಮುಚ್ಚಿ ಪೆನ್ಸಿಲ್ ಊರಿದ ಕಡೆಯಿಂದ ಒಂದು ಗೆರೆ: ಅದು ಬಿರುಕು. ಹಾಳೆಯ ಮೇಲಿನ ಅರ್ಧದಲ್ಲಿ ದಾಳ ಎರಡಕ್ಕಿಂತ ಹೆಚ್ಚು ಬಿದ್ದರೆ ಗೆರೆ ಎಳೆಯಬಹುದು. ಕೆಳಗಿನ ಅರ್ಧದಲ್ಲಿ ಆರು ಬಿದ್ದರೆ ಮಾತ್ರ. ಹೀಗೆ ಇಪ್ಪತ್ತು ಸಲ. ಆಮೇಲೆ ಕಣ್ಣು ಮುಚ್ಚಿಯೇ ಮೇಲಂಚಿನ ಒಂದು ಜಾಗ ಆರಿಸಿ ನೆಟ್ಟಗೆ ಬೋರು. ಯಾವ ಬಿರುಕನ್ನು ಎಷ್ಟು ಆಳದಲ್ಲಿ ಮುಟ್ಟಿತು ಎಂದು ಬರೆಯಬೇಕು. ಇಡೀ ತರಗತಿಯ ಹಾಳೆಗಳನ್ನು ಒಟ್ಟಿಗೆ ನೋಡಿದಾಗ ಹೆಚ್ಚಿನ ಬೋರುಗಳು ಮೇಲಿನ ಅರ್ಧದಲ್ಲೇ ಬಿರುಕು ಕಂಡಿದ್ದವು. ಮೇಲೆ ಏನೂ ಸಿಗದೆ ಕೆಳಗೆ ಸಿಕ್ಕವು ಕೆಲವೇ ಕೆಲವು, ಆದರೆ ಇದ್ದವು. ಸಂಶೋಧಕರು ಕಂಪ್ಯೂಟರಿನಲ್ಲಿ ಮಾಡುವುದೂ ಇದನ್ನೇ. ನೆಲದೊಳಗಿನ ಬಿರುಕುಗಳೆಲ್ಲ ಎಲ್ಲಿವೆ ಎಂದು ಯಾರಿಗೂ ಕಾಣದಿರುವುದರಿಂದ, ಅಳೆದ ಬಿರುಕುಗಳಂತೆಯೇ ಇರುವ ನೂರಾರು ಬಿರುಕುಜಾಲಗಳನ್ನು ಯಾದೃಚ್ಛಿಕವಾಗಿ ಸೃಷ್ಟಿಸಿ, ಎಲ್ಲದರಲ್ಲೂ ನೀರು ಹರಿಸಿ ನೋಡುತ್ತಾರೆ. ಸಿಗುವುದು ಒಂದು ಉತ್ತರವಲ್ಲ, ಸಾಧ್ಯತೆಗಳ ಹರವು.

ಆಗ ಸವಣೂರಿನ ಹುಡುಗಿಯೊಬ್ಬಳು ಹೇಳಿದ ಮಾತು ಈ ಇಡೀ ಪಾಠದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು. ‘ಕೆಳಗ ಆರು ಬಿದ್ರ ಅಷ್ಟ ಗೆರಿ ಅಂತ ನೀವ ಹೇಳಿದ್ರಿ. ಅದಕ್ಕ ಕೆಳಗ ಕಡಿಮಿ ಬಂತ್ರಿ. ಭೂಮಿ ಹೇಳಿಲ್ರಿ.’ ಗಣಕ ಮಾದರಿಯ ಬಗ್ಗೆ ಮಕ್ಕಳು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಈ ನಿಯಮವನ್ನು ಯಾರು ಹಾಕಿದರು, ಎಲ್ಲಿಂದ ತಂದರು? ಪರದೆಯ ಮೇಲಿನ ಬಣ್ಣದ ನಕಾಶೆಗೆ ತಲೆಬಾಗುವ ಈ ಕಾಲದಲ್ಲಿ ಬಿ.ಇಡಿ. ಮುಗಿಸಿದವರೂ ಈ ಪ್ರಶ್ನೆಯನ್ನು ಕೇಳುವುದು ಅಪರೂಪ. ಅವಳಿಗೆ ಉತ್ತರವಾಗಿ ಎರಡು ಆಧಾರ ಕೊಟ್ಟೆವು. ಒಂದು, ಮೇಲೆ ಹೇಳಿದ ಒತ್ತಡದ ಲೆಕ್ಕ. ಇನ್ನೊಂದು, ಹೊಡೆದ ಬೋರುಗಳ ದಾಖಲೆ. ಆ ಎರಡನೆಯದು ಅವರ ಮನೆಗಳಲ್ಲೇ ಇದೆ.

ಹಾಗಾಗಿ ಮುನ್ನೂರು ಅಡಿಯ ಪ್ರಶ್ನೆಗೆ ತರಗತಿಯಲ್ಲಿ ಕೊಟ್ಟ ಉತ್ತರ ಹೀಗಿತ್ತು: ಆಳಕ್ಕೆ ಹೋದಂತೆ ಸಾಧ್ಯತೆ ಕುಗ್ಗುತ್ತದೆ, ಖರ್ಚು ಏರುತ್ತದೆ, ಅದೇ ರೊಕ್ಕ ಹಾಕುವ ಮೊದಲು ಭೂವಿಜ್ಞಾನಿಯಿಂದ ವಿದ್ಯುತ್ ರೋಧದ ಪರೀಕ್ಷೆ ಮಾಡಿಸುವುದು, ಸುತ್ತಲಿನ ಬೋರುಗಳಲ್ಲಿ ಎಷ್ಟು ಅಡಿಗೆ ನೀರು ಬಿತ್ತು ಎಂದು ಕೇಳುವುದು ಒಳ್ಳೆಯದು. ತೆಂಗಿನಕಾಯಿ ಅಥವಾ ಬೇವಿನ ಕವಲು ಹಿಡಿದು ನೀರು ನೋಡುವವರ ಮಾತೂ ಬರುತ್ತದೆ. ಅಲ್ಲಿ ನಗುವುದು ಸಲ್ಲ. ಮಗುವಿನ ಅಜ್ಜನೇ ಆ ಕೆಲಸ ಮಾಡುವವರಿರಬಹುದು. ‘ಅವರು ಹೇಳಿದ ಜಾಗಗಳಲ್ಲಿ ಎಷ್ಟು ಫೇಲಾದವು, ಬರೆದಿಟ್ಟಿದ್ದಾರೆಯೇ?’ ಎಂದು ಕೇಳಿದರೆ ಸಾಕು. ನಮ್ಮ ಮಾದರಿಗೂ ಕೇಳುವ ಪ್ರಶ್ನೆ ಅದೇ ತಾನೇ.

ಗೃಹಪಾಠಕ್ಕೆ ಒಂದು ಚೀಟಿ ಕೊಟ್ಟೆವು. ಹೊಡೆಸಿದ ವರ್ಷ, ಕೇಸಿಂಗ್ ಎಷ್ಟು ಅಡಿ, ಒಟ್ಟು ಆಳ, ನೀರು ಬಿದ್ದ ಆಳ, ಈಗ ನೀರಿದೆಯೋ ಇಲ್ಲವೋ. ಹೆಸರು, ಸರ್ವೆ ನಂಬರ್ ಬೇಡ. ಕೇಸಿಂಗಿನ ಉದ್ದ ಗರಸಿನ ದಪ್ಪವನ್ನು ಹೇಳುತ್ತದೆ, ಅದನ್ನು ಬಿಡಬೇಡಿ. ಚೀಟಿಗಳು ಬಂದಂತೆ ಗೋಡೆಯ ಗ್ರಾಫ್ ಹಾಳೆಯಲ್ಲಿ ಮಕ್ಕಳೇ ಚುಕ್ಕೆ ಇಡುತ್ತಾರೆ. ಮೊದಲ ದಿನದ ‘ಪಾತಾಳಗಂಗೆ’ಯ ಚಿತ್ರದ ಪಕ್ಕದಲ್ಲೇ ಆ ಹಾಳೆಯನ್ನು ಅಂಟಿಸಬೇಕು. ನೀರು ಬೀಳದ ಬೋರಿಗೂ ಚೀಟಿ ಇರಲೇಬೇಕು. ಮನೆಯವರು ನೀರು ಬಿದ್ದ ಬೋರನ್ನು ತಾವಾಗಿ ಹೇಳುತ್ತಾರೆ, ಫೇಲಾದದ್ದನ್ನು ಎರಡನೆಯ ಸಲ ಕೇಳಿದ ಮೇಲೆ. ಅಂಥ ಚೀಟಿಗಳಿಗೆ ಕೆಂಪು ಚುಕ್ಕೆ. ಶಿಗ್ಗಾಂವಿಯ ಹಾಳೆಯಲ್ಲಿ ಮೊದಲ ಕೆಂಪು ಚುಕ್ಕೆಯನ್ನು ಏಳ್ನೂರು ಅಡಿಯ ಗೆರೆಯ ಮೇಲೆ ಆ ಹುಡುಗನೇ ಇಟ್ಟ.